ವರುಣಾದಲ್ಲಿ ಹೇಳಿದ್ದು, ವಿಧಾನಸೌಧದಲ್ಲಿ ಆಗಿದ್ದು: ಸಿದ್ದರಾಮಯ್ಯ ಭರವಸೆಗಳ ಒಳಲೆಕ್ಕ

ಮನೆಗೆ ತಿಂಗಳಿಗೆ 200 ಯೂನಿಟ್ ವಿದ್ಯುತ್ ಉಚಿತ ಎಂಬ ಭರವಸೆ ಸಾರುತ್ತ 'ಮಹದೇವಪ್ಪ ನಿನಗೂ ಫ್ರೀ' ಎಂದು ಸಿದ್ದರಾಮಯ್ಯ ವೇದಿಕೆ ಮೇಲೆ ಹೇಳಿದ್ದು ಮೀಮ್ ಆಗಿ ಊರೆಲ್ಲ ಸುತ್ತಿತು. ಆದರೆ ಇಂಧನ ಇಲಾಖೆಯ ಆದೇಶ ಹೊರಬಿದ್ದಾಗ ಮಹದೇವಪ್ಪನಿಗೆ ಸಿಕ್ಕಿದ್ದು 200 ಯೂನಿಟ್ ಅಲ್ಲ. ಹಿಂದಿನ ವರ್ಷ ಅವನ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿದಿತ್ತೋ ಅಷ್ಟು, ಅದರ ಮೇಲೆ ಶೇ 10. ಭಾಷಣಕ್ಕೂ ಆದೇಶಕ್ಕೂ ನಡುವಿನ ಈ ಅಂತರವನ್ನು ವಂಚನೆ ಎಂದು ಬೈಯುವವರಿದ್ದಾರೆ, ಆಡಳಿತದ ಅನಿವಾರ್ಯ ಎಂದು ಸಮರ್ಥಿಸುವವರೂ ಇದ್ದಾರೆ. ಎರಡಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆಯೇ ಇದೆ: ಅಭ್ಯರ್ಥಿಯೊಬ್ಬ ಒಂದು ಮಾತು ಕೊಟ್ಟರೆ, ಅದು ಜಾರಿಯಾಗಲು ಯಾರ ಯಾರ ಸಹಿ ಬೇಕು?

2023ರ ಮೇ 10ರ ಚುನಾವಣೆಗೆ ವರುಣಾದಿಂದ ನಿಂತ ಸಿದ್ದರಾಮಯ್ಯ ಬರೀ ಐದು ಗ್ಯಾರಂಟಿಗಳ ಅಭ್ಯರ್ಥಿಯಾಗಿರಲಿಲ್ಲ. ಎಪಿಎಂಸಿ (ಕೃಷಿ ಮಾರುಕಟ್ಟೆ) ಕಾಯ್ದೆಯ ತಿದ್ದುಪಡಿ ವಾಪಸ್, ಮತಾಂತರ ನಿಷೇಧ ಕಾಯ್ದೆ ರದ್ದು, ರಾಷ್ಟ್ರೀಯ ಶಿಕ್ಷಣ ನೀತಿಗೆ ವಿದಾಯ, ಮೀಸಲಾತಿ ಮಿತಿ ಶೇ 75ಕ್ಕೆ, ಜಾತಿ ಸಮೀಕ್ಷೆ, ರೈತರಿಗೆ ಬಡ್ಡಿರಹಿತ ಸಾಲ, ಮೇಕೆದಾಟು, ತೆರಿಗೆ ಪಾಲಿನ ಹೋರಾಟ, ಇಷ್ಟೂ ಅವರ ಮತ್ತು ಅವರ ಪಕ್ಷದ ನಿಲುವಿನ ಪಟ್ಟಿಯಲ್ಲಿದ್ದವು. ಕಾಂಗ್ರೆಸ್‌ಗೆ 224ರಲ್ಲಿ 135 ಸ್ಥಾನ ಬಂತು. ಮೇ 20ರಂದು ಪ್ರಮಾಣವಚನ ಆಯಿತು, ಅಂದೇ ಸಂಪುಟ ಸಭೆಯಲ್ಲಿ ಐದೂ ಗ್ಯಾರಂಟಿಗಳಿಗೆ ತಾತ್ವಿಕ ಒಪ್ಪಿಗೆ ಸಿಕ್ಕಿತು. ಉಳಿದ ಪಟ್ಟಿಯ ಗತಿ ಮಾತ್ರ ಒಂದೊಂದಕ್ಕೆ ಒಂದೊಂದು ತೆರನಾಯಿತು. ನೂರ ಮೂವತ್ತೈದು ಶಾಸಕರ ಬಲವಿದ್ದೂ ಕೆಲವು ಮೂರೇ ವಾರದಲ್ಲಿ ಜಾರಿಯಾದವು, ಕೆಲವು ವರ್ಷಗಟ್ಟಲೆ ಕಡತದಲ್ಲೇ ಉಳಿದವು. ಇಚ್ಛಾಶಕ್ತಿಯ ಕೊರತೆ ಎನ್ನುವುದು ಸುಲಭದ ವಿವರಣೆ. ನನ್ನ ಪ್ರಕಾರ ಬಹುಪಾಲು ವ್ಯತ್ಯಾಸಕ್ಕೆ ಕಾರಣ ಸಹಿಗಳ ಸಂಖ್ಯೆ.

ಒಂದೇ ಸಹಿಯ ಯೋಜನೆಗಳು

ಎಲ್ಲಕ್ಕಿಂತ ಮೊದಲು ಓಡಿದ್ದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ, 2023ರ ಜೂನ್ 11ಕ್ಕೆ. ಕಾರಣ ಸರಳ. ನಾಲ್ಕೂ ಸಾರಿಗೆ ನಿಗಮಗಳು ಸರ್ಕಾರದ್ದೇ, ಬಸ್ಸು ಇದೆ, ಕಂಡಕ್ಟರ್ ಇದ್ದಾರೆ, ಟಿಕೆಟ್ ಯಂತ್ರವೂ ಇದೆ. ಹೊಸ ಕಾಯ್ದೆ ಬೇಡ, ಫಲಾನುಭವಿಗಳ ಪಟ್ಟಿ ಬೇಡ, ಬ್ಯಾಂಕ್ ಖಾತೆ ಬೇಡ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಮಹಿಳೆಗೆ ಶೂನ್ಯ ಟಿಕೆಟ್ ಹರಿದು ಕೊಟ್ಟರೆ ಮುಗಿಯಿತು. ರಾಜಹಂಸ, ಐರಾವತ, ವಜ್ರದಂಥ ಐಷಾರಾಮಿ ಮತ್ತು ಎಸಿ ಬಸ್ಸುಗಳು ಹೊರಗೆ, ಹೊರರಾಜ್ಯದ ಪ್ರಯಾಣವೂ ಹೊರಗೆ. ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಪುರುಷರಿಗೆ ಎಂಬ ನಿಯಮ ಕಾಗದದಲ್ಲಿದೆ. ನೂಕುನುಗ್ಗಲಿನ ಬಸ್ಸಿನಲ್ಲಿ ಅದನ್ನು ಜಾರಿ ಮಾಡುವ ಕಂಡಕ್ಟರ್ ಇನ್ನೂ ಹುಟ್ಟಬೇಕು.

ಶೂನ್ಯ ಟಿಕೆಟ್ ಎಂದರೆ ಬೆಲೆಯಿಲ್ಲದ ಟಿಕೆಟ್ ಅಲ್ಲ. ಪ್ರತಿ ಟಿಕೆಟ್‌ನ ಮೌಲ್ಯ ಯಂತ್ರದಲ್ಲಿ ದಾಖಲಾಗುತ್ತದೆ, ತಿಂಗಳ ಕೊನೆಗೆ ನಿಗಮ ಆ ಮೊತ್ತವನ್ನು ಸರ್ಕಾರದಿಂದ ಕೇಳುತ್ತದೆ. ತೊಡಕು ಇರುವುದು ಇಲ್ಲೇ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಬಜೆಟ್‌ನಲ್ಲಿ ಇಟ್ಟ ಹಣ ಓಡಾಟದಷ್ಟು ಬೆಳೆಯದಿದ್ದರೆ ಬಾಕಿ ನಿಗಮದ ತಲೆಗೆ ಬರುತ್ತದೆ. ಆಗ ಮೊದಲು ನಿಲ್ಲುವುದು ನೌಕರರ ಭವಿಷ್ಯನಿಧಿ ಕಂತು ಮತ್ತು ಡೀಸೆಲ್ ಬಿಲ್. 2025ರ ಜನವರಿಯಲ್ಲಿ ಇದೇ ಬಾಕಿ ತೀರಿಸಲು ನಿಗಮಗಳಿಗೆ 2,000 ಕೋಟಿ ರೂಪಾಯಿ ಸಾಲ ಎತ್ತಲು ಸಂಪುಟ ಒಪ್ಪಬೇಕಾಯಿತು. ಅದೇ ತಿಂಗಳು 5ರಿಂದ ಪ್ರಯಾಣದರ ಶೇ 15 ಏರಿತು. ದರ ಏರಿದರೆ ಗಂಡಸರ ಜೇಬಿಗೆ ಮಾತ್ರ ಕತ್ತರಿ ಎಂದುಕೊಂಡರು ಜನ. ಶೂನ್ಯ ಟಿಕೆಟ್‌ನ ಮೌಲ್ಯವೂ ಅಷ್ಟೇ ಏರುತ್ತದೆ, ಅಂದರೆ ಸರ್ಕಾರ ಕೊಡಬೇಕಾದ ಮರುಪಾವತಿಯೂ ಏರುತ್ತದೆ.

ಉಚಿತ ವಿದ್ಯುತ್ತಿನ ಗೃಹಜ್ಯೋತಿಗೂ ಒಂದೇ ಸಹಿ ಸಾಕಾಯಿತು, ಆದರೆ ಸೂತ್ರ ಸ್ವಲ್ಪ ಜಾಣತನದ್ದು. 2022-23ನೇ ಸಾಲಿನ ಸರಾಸರಿ ಬಳಕೆ 120 ಯೂನಿಟ್ ಇದ್ದ ಮನೆಗೆ 132 ಯೂನಿಟ್ ಉಚಿತ. ಆ ತಿಂಗಳು 150 ಉರಿದರೆ ಹೆಚ್ಚುವರಿ 18ಕ್ಕೆ ಬಿಲ್. 200 ದಾಟಿ 201 ಆಯಿತೋ, ಪೂರ್ತಿ ಬಿಲ್ ಕಟ್ಟಬೇಕು. ಹೊಸ ಸಂಪರ್ಕದವರಿಗೆ ಹಳೆಯ ಸರಾಸರಿ ಇಲ್ಲವಾದ್ದರಿಂದ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇ 10 ಸೇರಿಸಿ 58 ಎಂದು ನಿಗದಿ ಮಾಡಿದರು. ಇದರ ಪರಿಣಾಮ ಗಮನಿಸಿ: ಹಿಂದೆ ಧಾರಾಳವಾಗಿ ಉರಿಸಿದ ಮನೆಗೆ ಹೆಚ್ಚು ಉಚಿತ, ಮಿತವಾಗಿ ಬಳಸಿದ ಬಡವನ ಮನೆಗೆ ಕಡಿಮೆ. ತಿಂಗಳಿಗೆ 30 ಯೂನಿಟ್ ಬಳಸುತ್ತಿದ್ದ ಮನೆಗೆ ಶೇ 10 ಅಂದರೆ ಬರೀ 3 ಯೂನಿಟ್, ಬೇಸಿಗೆಯಲ್ಲಿ ಒಂದು ಫ್ಯಾನಿಗೂ ಸಾಲದು. ಈ ವಕ್ರತೆ ಕಂಡ ಮೇಲೆ 2024ರ ಆರಂಭದಲ್ಲಿ 48 ಯೂನಿಟ್ ಒಳಗಿನವರಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಸೇರಿಸುವ ತೀರ್ಮಾನ ಆಯಿತು. ಸೂತ್ರ ಹೀಗೇಕೆ ಎಂದರೆ, ಎಲ್ಲರಿಗೂ 200 ಎಂದರೆ ಎಲ್ಲರೂ 199ರವರೆಗೆ ಉರಿಸುತ್ತಾರೆ ಎಂಬ ಹಣಕಾಸು ಇಲಾಖೆಯ ಭಯ. ಆ ಭಯ ಸುಳ್ಳೇನಲ್ಲ.

ಇಲ್ಲಿ ಬಸ್ಸಿನ ಹಾಗೆ ಬಾಕಿ ಉಳಿಸಿಕೊಳ್ಳುವುದಕ್ಕೂ ಅಡ್ಡಿ ಇದೆ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸರ್ಕಾರ ಸಬ್ಸಿಡಿ ಘೋಷಿಸಿದರೆ ಆ ಹಣವನ್ನು ಎಸ್ಕಾಂಗಳಿಗೆ (ವಿದ್ಯುತ್ ಸರಬರಾಜು ಕಂಪನಿಗಳಿಗೆ) ಮುಂಗಡವಾಗಿ ಕೊಡಬೇಕು. ಕೊಡದಿದ್ದರೆ ಗ್ರಾಹಕರಿಂದ ಪೂರ್ತಿ ದರ ವಸೂಲಿಗೆ ದಾರಿ ತೆರೆಯುತ್ತದೆ. ದರ ನಿಗದಿ ಮಾಡುವ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ದರ ಏರಿಸಿದರೆ ಸರ್ಕಾರ ಹೀಗೆ ಕೊಡಬೇಕಾದ ಗೃಹಜ್ಯೋತಿಯ ಮೊತ್ತವೂ ಉಬ್ಬುತ್ತದೆ.

ಎರಡು ಸಾವಿರದ ಕಂತು ಎಲ್ಲಿ ಸಿಕ್ಕಿಕೊಳ್ಳುತ್ತದೆ

ಐದರಲ್ಲಿ ದೊಡ್ಡದು ಮನೆಯ ಮುಖ್ಯಸ್ಥೆಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ. 2025-26ರ ಬಜೆಟ್‌ನಲ್ಲಿ ಐದೂ ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ ರೂಪಾಯಿ. ಅದರಲ್ಲಿ 28,608 ಕೋಟಿ ಇದೊಂದಕ್ಕೇ. ಗೃಹಜ್ಯೋತಿಗೆ 10,100 ಕೋಟಿ, ಅನ್ನಭಾಗ್ಯಕ್ಕೆ 6,426 ಕೋಟಿ, ಶಕ್ತಿಗೆ 5,300 ಕೋಟಿ. ನಿರುದ್ಯೋಗಿ ಪದವೀಧರರ ಭತ್ಯೆಯಾದ ಯುವನಿಧಿಗೆ ಉಳಿಯುವುದು 600 ಕೋಟಿ. 28,608 ಕೋಟಿಯನ್ನು ಒಬ್ಬ ಮಹಿಳೆಯ ವಾರ್ಷಿಕ 24,000 ರೂಪಾಯಿಯಿಂದ ಭಾಗಿಸಿದರೆ ಸುಮಾರು 1.19 ಕೋಟಿ ಮನೆಗಳು. ಅಂದರೆ ಪ್ರತಿ ತಿಂಗಳು 2,384 ಕೋಟಿ ನಗದು ಖಜಾನೆಯಿಂದ ಹೊರಡಬೇಕು. ಜಿಎಸ್‌ಟಿ ಹಣ ಬರುವುದು ತಡವಾಗಲಿ, ಸಾಲದ ಹರಾಜು ಮುಂದೆ ಹೋಗಲಿ, ಮೊದಲು ಹಿಂದೆ ಸರಿಯುವುದು ಇಂಥ ಕಂತು. ಸಂಬಳ, ಪಿಂಚಣಿ, ಬಡ್ಡಿಯನ್ನು ನಿಲ್ಲಿಸಲಾಗದು. 2025ರ ಫೆಬ್ರುವರಿ ಮತ್ತು ಮಾರ್ಚ್ ಕಂತುಗಳ ವಿಷಯ ಅದೇ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಸರ್ಕಾರವನ್ನು ಮುಜುಗರಕ್ಕೆ ಸಿಲುಕಿಸಿದ್ದು ಇದೇ ಜಾಗದಲ್ಲಿ. ಎರಡು ತಿಂಗಳ ಹಣ ಜಮೆ ಆಗಿರಲಿಲ್ಲ ಎಂದು ಇಲಾಖೆಯ ಸಚಿವೆಯೇ ಸದನದಲ್ಲಿ ಒಪ್ಪಬೇಕಾಯಿತು.

ಯೋಜನೆಯ ಅರ್ಹತೆ ಕೇಳಲು ಸುಲಭ. ಪಡಿತರ ಚೀಟಿಯಲ್ಲಿ ಮನೆಯ ಮುಖ್ಯಸ್ಥೆ ಎಂದಿರುವ ಮಹಿಳೆ, ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ವಿವರ ಸಲ್ಲಿಸುವವರಾಗಿರಬಾರದು. ಎಪಿಎಲ್ ಆದರೂ ಸರಿ. ಹೀಗೆ ಪಡಿತರ ಚೀಟಿಯನ್ನೇ ಆಧಾರ ಮಾಡಿಕೊಂಡದ್ದರಿಂದ 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಚಾಲನೆ ಕೊಡುವಷ್ಟು ಬೇಗ ಪಟ್ಟಿ ಸಿದ್ಧವಾಯಿತು. ಹೊಸದಾಗಿ ಸಮೀಕ್ಷೆ ಮಾಡಿದ್ದರೆ ಎರಡು ವರ್ಷ ಬೇಕಿತ್ತು. ಅದರ ಜೊತೆಗೆ ಪಡಿತರ ಚೀಟಿಯ ಹಳೆಯ ದೋಷಗಳೂ ಬಳುವಳಿಯಾಗಿ ಬಂದವು. ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ 18 ತುಂಬಿದ ಹಿರಿಯ ಮಹಿಳೆಯನ್ನೇ ಮುಖ್ಯಸ್ಥೆ ಎನ್ನುತ್ತದೆ. ಹಾಗಾಗಿ ಒಂದೇ ಚೀಟಿಯಲ್ಲಿ ಅತ್ತೆ ಸೊಸೆ ಇದ್ದರೆ ಹಣ ಅತ್ತೆಗೆ. ಅತ್ತೆ ತೀರಿಕೊಂಡರೆ ಹೆಸರು ತೆಗೆಸಿ, ಸೊಸೆಯನ್ನು ಮುಖ್ಯಸ್ಥೆ ಮಾಡಿಸಿ, ಮತ್ತೆ ನೋಂದಣಿ ಆಗುವವರೆಗೆ ಕಂತು ಇಲ್ಲ.

'ಎರಡು ಸಾವಿರ ಬಂದಿಲ್ಲ' ಎಂಬ ದೂರಿನ ಹಿಂದೆ ಖಾಲಿ ಖಜಾನೆ ಇಲ್ಲದಿದ್ದರೆ ಸಾಮಾನ್ಯವಾಗಿ ಇರುವುದು ಆಧಾರ್ ತೊಡಕು. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ಆ ಖಾತೆ ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂದು ತೋರಿಸುವ ಪಟ್ಟಿಯಲ್ಲಿ) ಜೋಡಣೆ ಆಗಿರಬೇಕು. ಎರಡು ಖಾತೆ ಇದ್ದರೆ ಕೊನೆಗೆ ಯಾವುದಕ್ಕೆ ಜೋಡಿಸಿದ್ದಾರೋ ಅಲ್ಲಿಗೆ ಹಣ ಹೋಗುತ್ತದೆ. ಎಷ್ಟೋ ಹೆಂಗಸರು ಬಂದಿಲ್ಲ ಎಂದುಕೊಂಡ ಹಣ ಮರೆತುಹೋದ ಯಾವುದೋ ಹಳೆಯ ಖಾತೆಯಲ್ಲಿ ಬಿದ್ದಿರುವುದು ಹೀಗೆ. ಪಡಿತರ ಚೀಟಿಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು, ಇ-ಕೆವೈಸಿ ಬಾಕಿ, ಇವು ಮುಂದಿನ ಕಾರಣಗಳು. ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಸ್ಥಿತಿ, ಆಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಇ-ಕೆವೈಸಿ, ಕೊನೆಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ, ಈ ಕ್ರಮದಲ್ಲಿ ವಿಚಾರಿಸಿದರೆ ಅಲೆದಾಟ ಕಡಿಮೆ.

ಅಕ್ಕಿಗೆ ದೆಹಲಿ ಬೀಗ

ಅನ್ನಭಾಗ್ಯ ಸಿದ್ದರಾಮಯ್ಯ ಅವರ ಹಳೆಯ ಗುರುತು, 2013ರಲ್ಲಿ ಮೊದಲ ಬಾರಿ ಮುಖ್ಯಮಂತ್ರಿಯಾದಾಗ ಶುರುಮಾಡಿದ್ದು. 2023ರ ಮಾತು ತಲೆಗೆ 10 ಕೆಜಿ. ಅದರಲ್ಲಿ 5 ಕೆಜಿ ಕೇಂದ್ರದ ಆಹಾರ ಭದ್ರತಾ ಕಾಯ್ದೆಯದು, ಉಳಿದ 5 ಕೆಜಿ ರಾಜ್ಯ ಕೊಂಡು ಕೊಡಬೇಕು. ಬೇಕಿದ್ದದ್ದು ತಿಂಗಳಿಗೆ ಸುಮಾರು 2.28 ಲಕ್ಷ ಟನ್. ಹಣ ಇತ್ತು, ಅಕ್ಕಿ ಭಾರತೀಯ ಆಹಾರ ನಿಗಮದ (ಎಫ್‌ಸಿಐ) ಗೋದಾಮಿನಲ್ಲಿತ್ತು. 2023ರ ಜೂನ್ 12ರಂದು ಎಫ್‌ಸಿಐ ಕೊಡಲು ಒಪ್ಪಿತು. ಮರುದಿನವೇ ಕೇಂದ್ರ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ, ಗೋಧಿ ಮಾರಾಟ ನಿಲ್ಲಿಸಿತು. ಬೆಲೆ ಹತೋಟಿಗೆ ಎಂದಿತು ಕೇಂದ್ರ, ಗ್ಯಾರಂಟಿಗೆ ಕಲ್ಲು ಹಾಕಲು ಎಂದಿತು ರಾಜ್ಯ. ಕಾರಣ ಏನೇ ಇರಲಿ, ಪ್ರಚಾರದ ವೇಳೆ ಯಾರೂ ಕೇಳದ ಪ್ರಶ್ನೆ ಅದೊಂದೇ: ಇಷ್ಟು ಅಕ್ಕಿ ಯಾರಿಂದ ಕೊಳ್ಳುತ್ತೀರಿ?

ತೆಲಂಗಾಣ, ಛತ್ತೀಸಗಢ, ಆಂಧ್ರದ ಕಡೆ ವಿಚಾರಿಸಿದ್ದಾಯಿತು. ಅಷ್ಟು ಪ್ರಮಾಣ, ಆ ದರಕ್ಕೆ ಸಿಗಲಿಲ್ಲ. ಕೊನೆಗೆ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕುವುದು ಜುಲೈ 10ರಿಂದ ಶುರುವಾಯಿತು. ಅಂತ್ಯೋದಯ (ಅತಿ ಬಡವರ) ಚೀಟಿಯವರ ಲೆಕ್ಕ ಇನ್ನೂ ವಿಚಿತ್ರವಾಗಿತ್ತು. ಅವರಿಗೆ ಮನೆಗೆ 35 ಕೆಜಿ ಮೊದಲೇ ಸಿಗುವುದರಿಂದ ಮೂವರವರೆಗಿನ ಮನೆಗೆ ಹಣವೇ ಇರಲಿಲ್ಲ, ನಾಲ್ವರಿದ್ದರೆ 170, ಐವರಿದ್ದರೆ 510, ಆರು ಜನರಿದ್ದರೆ 850. ಅತಿ ಬಡವರ ಚೀಟಿಗೆ ಅತಿ ಕಡಿಮೆ ಹಣ ಎಂಬ ದೂರಿನ ಮೂಲ ಈ ಗಣಿತ. 2025ರಲ್ಲಿ ಎಫ್‌ಸಿಐ ಗೋದಾಮು ತುಂಬಿ ಕೇಂದ್ರವೇ ಕೆಜಿಗೆ 22.50 ರೂಪಾಯಿಗೆ ಕೊಡಲು ಮುಂದಾದಾಗ ರಾಜ್ಯ ನಗದು ಬಿಟ್ಟು ಮತ್ತೆ ಅಕ್ಕಿಗೆ ಬಂತು. ತಲೆಗೆ 170ರ ಜಾಗದಲ್ಲಿ 112.50 ರೂಪಾಯಿ ಖರ್ಚು, ಮಾತೂ ಉಳಿಯಿತು. ಆದರೆ 10 ಕೆಜಿ ಅಕ್ಕಿ ತಿನ್ನದ ಮನೆಗಳೂ ಬಹಳ, ಉಳಿದದ್ದು ಅಂಗಡಿ ಸೇರುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೆಚ್ಚುವರಿ 5 ಕೆಜಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಕಿಟ್ ಕೊಡಲು ಸಂಪುಟ ಒಪ್ಪಿತು. ಪೌಷ್ಟಿಕತೆಯ ದೃಷ್ಟಿಯಿಂದ ಇದೇ ಮೊದಲಿನಿಂದ ಆಗಬೇಕಿದ್ದದ್ದು.

ಯುವನಿಧಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ, ತೇರ್ಗಡೆಯಾಗಿ 180 ದಿನ ಕೆಲಸ ಸಿಕ್ಕಿರಬಾರದು, 'ಇನ್ನೂ ನಿರುದ್ಯೋಗಿ' ಎಂಬ ಸ್ವಯಂಘೋಷಣೆ ಕೊಡುತ್ತಿರಬೇಕು. ವೇದಿಕೆಯಲ್ಲಿ 'ನಿರುದ್ಯೋಗಿ ಯುವಜನರಿಗೆ' ಎಂದದ್ದು ಆದೇಶದಲ್ಲಿ 2022-23ರಿಂದ ಈಚೆಗೆ ತೇರ್ಗಡೆಯಾದವರಿಗೆ ಎಂದಾಯಿತು. ಅದಕ್ಕೂ ಮೊದಲು ಪದವಿ ಪಡೆದು ಕೆಲಸವಿಲ್ಲದೆ ಕುಳಿತವರು ಲೆಕ್ಕಕ್ಕೇ ಬರಲಿಲ್ಲ.

ಹಣ ಬಂದ ದಾರಿ

4,09,549 ಕೋಟಿಯ ಬಜೆಟ್‌ನಲ್ಲಿ 51,034 ಕೋಟಿ ಎಂದರೆ ಎಂಟರಲ್ಲಿ ಒಂದು ಪಾಲು. ಜನರ ಕೈಯಲ್ಲಿ ಹಣ ಇಟ್ಟರೆ ಖರೀದಿ ಶಕ್ತಿ ಹೆಚ್ಚುತ್ತದೆ, ವ್ಯಾಪಾರ ನಡೆಯುತ್ತದೆ, ತೆರಿಗೆಯಾಗಿ ಮರಳುತ್ತದೆ ಎಂಬುದು ಸಿದ್ದರಾಮಯ್ಯ ಅವರ ಸ್ಥಿರ ವಾದ. 2025ರ ಹೊತ್ತಿಗೆ ಹದಿನಾರು ಬಜೆಟ್ ಮಂಡಿಸಿದ್ದವರು ಇದನ್ನು ಹೇಳುವಾಗ ಕಿವಿಗೊಡಬೇಕು. ಆದರೆ ಮರಳುವುದಕ್ಕೆ ಕಾಯದೆ ಕೈಹಾಕಿದ ಕಡೆಗಳನ್ನೂ ನೋಡಬೇಕು. 2023ರ ಜುಲೈನಲ್ಲಿ ಭಾರತೀಯ ಮದ್ಯದ ಎಲ್ಲ ಸ್ಲ್ಯಾಬ್‌ಗಳ ಅಬಕಾರಿ ಸುಂಕ ಶೇ 20 ಏರಿತು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ, ಡೀಸೆಲ್ ಮೇಲಿನದು ಶೇ 14.3ರಿಂದ 18.4ಕ್ಕೆ ಹೋಯಿತು. ಹೆಂಡತಿಗೆ ಕೊಟ್ಟದ್ದನ್ನು ಗಂಡನ ಬಾಟಲಿಯಿಂದ ಕೀಳುತ್ತಾರೆ ಎಂಬ ಹಳ್ಳಿ ಕಟ್ಟೆಯ ಕುಹಕಕ್ಕೆ ಆಧಾರ ಇಲ್ಲದೇ ಇಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಪರಿಶಿಷ್ಟರ ಉಪಯೋಜನೆಯದು. ಜನಸಂಖ್ಯೆಗೆ ತಕ್ಕಷ್ಟು ಹಣ ಪರಿಶಿಷ್ಟ ಜಾತಿ, ಪಂಗಡಗಳಿಗೇ ಖರ್ಚಾಗಬೇಕು ಎಂಬ ಕಾಯ್ದೆಯನ್ನು 2013ರಲ್ಲಿ ತಂದವರೂ ಸಿದ್ದರಾಮಯ್ಯ ಅವರೇ. ಅದರ 7ಡಿ ಉಪವಿಧಿ ಸಾಮಾನ್ಯ ಯೋಜನೆಗಳ ಖರ್ಚನ್ನೂ ಈ ಲೆಕ್ಕಕ್ಕೆ ತೋರಿಸಲು ಕಿಂಡಿ ಬಿಟ್ಟಿತ್ತು. 2023ರಲ್ಲಿ ಆ ಕಿಂಡಿ ಮುಚ್ಚಿದರು. ಆದರೆ 2024-25ರಲ್ಲಿ ಇದೇ ಉಪಯೋಜನೆಯಿಂದ 14,282 ಕೋಟಿ ಗ್ಯಾರಂಟಿಗಳಿಗೆ ಹೋಯಿತು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಎಂಬುದು ಸರ್ಕಾರದ ಉತ್ತರ. ಎಲ್ಲರಿಗೂ ಸಿಗುವ ಎರಡು ಸಾವಿರವನ್ನು ದಲಿತರಿಗೆ ಮಾತ್ರ ಅವರ ವಿಶೇಷ ನಿಧಿಯಿಂದ ಕೊಟ್ಟರೆ ವಿಶೇಷ ಯಾವುದು ಎಂಬುದು ದಲಿತ ಸಂಘಟನೆಗಳ ಪ್ರಶ್ನೆ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಕೊಳವೆಬಾವಿ, ಹಾಸ್ಟೆಲ್, ಭೂಮಿ ಖರೀದಿಯಂಥ ಆಸ್ತಿ ಕಟ್ಟುವ ಖರ್ಚಿನ ಜಾಗವನ್ನು ಮಾಸಿಕ ಬಳಕೆಯ ಹಣ ತುಂಬಲಾರದು.

ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಗೆರೆಗಳು ಎರಡು: ವಿತ್ತೀಯ ಕೊರತೆ ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ) ಶೇ 3 ದಾಟಬಾರದು, ಒಟ್ಟು ಹೊಣೆ ಶೇ 25 ಮೀರಬಾರದು. 2025-26ರ ಅಂದಾಜು 2.95 ಮತ್ತು 24.91. ಗೆರೆಯೊಳಗೇ ಇತ್ತು, ಆದರೆ ಹೊಸ ಗ್ಯಾರಂಟಿಗೆ ಕೂದಲೆಳೆಯ ಜಾಗವಷ್ಟೇ ಉಳಿದಿತ್ತು. ರಾಜಸ್ವ ಕೊರತೆಯೂ 19,262 ಕೋಟಿ ಇತ್ತು, ಅಂದರೆ ದೈನಂದಿನ ಖರ್ಚಿಗೇ ಸಾಲ.

ಮೇಲ್ಮನೆ, ರಾಜಭವನ, ರಾಷ್ಟ್ರಪತಿ ಭವನ

ಕಾಯ್ದೆ ಬೇಕಾದ ಭರವಸೆಗಳ ಕತೆ ಬೇರೆ. 2020ರ ಎಪಿಎಂಸಿ ತಿದ್ದುಪಡಿ, ಮಾರುಕಟ್ಟೆ ಪ್ರಾಂಗಣದ ಹೊರಗಿನ ವ್ಯಾಪಾರದ ಮೇಲೆ ಸಮಿತಿಗಳಿಗಿದ್ದ ಹಿಡಿತ ತೆಗೆದಿತ್ತು. ಅದನ್ನು ವಾಪಸ್ ಪಡೆಯುವ ಮಸೂದೆ 2023ರ ಜುಲೈನಲ್ಲಿ ವಿಧಾನಸಭೆ ದಾಟಿತು. ಪರಿಷತ್ತಿನಲ್ಲಿ ಆಗ ಬಿಜೆಪಿ, ಜೆಡಿಎಸ್ ಸೇರಿ ಮೇಲುಗೈ. ಮಸೂದೆ ಪರಿಶೀಲನಾ ಸಮಿತಿಗೆ ಹೋಯಿತು. ಮುಜರಾಯಿ ತಿದ್ದುಪಡಿ ಮಸೂದೆಯನ್ನು 2024ರ ಫೆಬ್ರುವರಿ 23ರಂದು ಪರಿಷತ್ತು ಧ್ವನಿಮತದಲ್ಲಿ ಸೋಲಿಸಿಯೇ ಬಿಟ್ಟಿತು, ಸರ್ಕಾರ ಅದೇ ತಿಂಗಳ ಕೊನೆಗೆ ವಿಧಾನಸಭೆಯಲ್ಲಿ ಮತ್ತೆ ಅಂಗೀಕರಿಸಿತು. ಇಲ್ಲಿ ಸಂವಿಧಾನದ 197ನೇ ವಿಧಿ ತಿಳಿದಿರಬೇಕು. ಮೇಲ್ಮನೆ ಮಸೂದೆಯನ್ನು ಕೊಲ್ಲಲಾರದು, ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಕಳಿಸಿದರೆ ಒಂದು ತಿಂಗಳು ತಡೆಯಬಲ್ಲದು, ಅಷ್ಟೆ. ಆದ್ದರಿಂದ ಬಹುಮತವಿರುವ ಸರ್ಕಾರ ಪರಿಷತ್ತನ್ನು ಬೈದು ಸುಮ್ಮನಾದರೆ, ಅಲ್ಲಿ ತಾಕತ್ತಿನ ಕೊರತೆಗಿಂತ ತುರ್ತಿನ ಕೊರತೆ ಇದೆ ಎಂದು ಅರ್ಥಮಾಡಿಕೊಳ್ಳಬೇಕು. ಮತಾಂತರ ನಿಷೇಧ ಕಾಯ್ದೆ ರದ್ದು ಮಾಡುವುದಾಗಿ ಸಂಪುಟ 2023ರ ಜೂನ್ 15ರಂದೇ ತೀರ್ಮಾನಿಸಿತು, ಸುದ್ದಿಯೂ ಆಯಿತು. ಸಂಪುಟದ ತೀರ್ಮಾನದಿಂದ ಕಾಯ್ದೆ ಅಳಿಯುವುದಿಲ್ಲ. ರದ್ದತಿ ಮಸೂದೆ ಎರಡೂ ಸದನ ದಾಟಿ ಅಂಕಿತ ಪಡೆಯಬೇಕು, ಮೊದಲ ಎರಡು ವರ್ಷದಲ್ಲಿ ಅದು ಆ ಹಂತ ಮುಟ್ಟಲಿಲ್ಲ.

ಪರಿಷತ್ತು ದಾಟಿದ ಮೇಲೆ ರಾಜಭವನ. ಸರ್ಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ (ಮುಸ್ಲಿಮರಿಗೆ) ಶೇ 4 ಮೀಸಲು ಕೊಡುವ ಮಸೂದೆ 2025ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಅದನ್ನು ಏಪ್ರಿಲ್‌ನಲ್ಲಿ ರಾಷ್ಟ್ರಪತಿಗೆ ಕಾಯ್ದಿರಿಸಿದರು. ಅಲ್ಲಿಗೆ ಹೋದ ಮಸೂದೆಗೆ ಗಡುವು ಇಲ್ಲ. ಅದೇ ಏಪ್ರಿಲ್‌ನಲ್ಲಿ ತಮಿಳುನಾಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಲಮಿತಿ ಹಾಕಿತ್ತು, ನವೆಂಬರ್‌ನಲ್ಲಿ ರಾಷ್ಟ್ರಪತಿಯವರು ಅಭಿಪ್ರಾಯ ಕೇಳಿದ್ದಕ್ಕೆ ಉತ್ತರಿಸುತ್ತ ಸಂವಿಧಾನ ಪೀಠ ಅಂಥ ಮಿತಿ ಹೇರಲಾಗದು ಎಂದಿತು.

ಶೇ 75 ಮೀಸಲಾತಿಯ ಮಾತಿಗೆ ಸಹಿಗಳು ಇನ್ನೂ ಹೆಚ್ಚು. 1992ರ ಇಂದ್ರಾ ಸಾಹ್ನಿ ತೀರ್ಪಿನ ಮಿತಿ ಶೇ 50. ಬೊಮ್ಮಾಯಿ ಸರ್ಕಾರ ಪರಿಶಿಷ್ಟ ಜಾತಿಗೆ 15ರಿಂದ 17, ಪಂಗಡಕ್ಕೆ 3ರಿಂದ 7 ಮಾಡಿದಾಗಲೇ ರಾಜ್ಯದ ಒಟ್ಟು ಶೇ 56 ಆಗಿತ್ತು. ಅದನ್ನೂ ಮೀರಿ ಉಳಿಯಲು ತಮಿಳುನಾಡಿನ ಶೇ 69ರ ಹಾಗೆ ಸಂವಿಧಾನದ ಒಂಬತ್ತನೇ ಪರಿಚ್ಛೇದಕ್ಕೆ (ಷೆಡ್ಯೂಲಿಗೆ) ಸೇರಬೇಕು. ಅದಕ್ಕೆ ಸಂಸತ್ತಿನಲ್ಲಿ ಸಂವಿಧಾನ ತಿದ್ದುಪಡಿ ಬೇಕು. ಬಜರಂಗದಳದ ವಿರುದ್ಧ ನಿಷೇಧವೂ ಸೇರಿ ಕ್ರಮ ಎಂಬ ಪ್ರಣಾಳಿಕೆಯ ಸಾಲೂ ಇದೇ ಜಾತಿಯದು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿ ಸಂಘಟನೆಯನ್ನು ಕಾನೂನುಬಾಹಿರ ಎಂದು ಘೋಷಿಸುವುದು ಕೇಂದ್ರ ಸರ್ಕಾರ. ರಾಜ್ಯ ಪತ್ರ ಬರೆಯಬಹುದು. ಆ ಸಾಲು ಓಟು ತಂದಿತೋ ಕಳೆಯಿತೋ, ಆಡಳಿತದಲ್ಲಿ ಅದಕ್ಕೆ ತೂಕವೇ ಇರಲಿಲ್ಲ.

ಜಾತಿ ಸಮೀಕ್ಷೆಗೆ ಹೊರಗಿನ ಯಾರ ಸಹಿಯೂ ಬೇಕಿರಲಿಲ್ಲ, ಅದಕ್ಕೇ ಅದರ ವಿಳಂಬ ಹೆಚ್ಚು ಮಾತಾಡುತ್ತದೆ. ಕಾಂತರಾಜ ಆಯೋಗದ ಮನೆಮನೆ ಸಮೀಕ್ಷೆ ನಡೆದದ್ದು 2015ರಲ್ಲಿ, ಜಯಪ್ರಕಾಶ ಹೆಗ್ಡೆ ವರದಿ ಕೊಟ್ಟದ್ದು 2024ರ ಫೆಬ್ರುವರಿ 29ಕ್ಕೆ, ಲಕೋಟೆ ಸಂಪುಟದ ಮುಂದೆ ತೆರೆದದ್ದು 2025ರ ಏಪ್ರಿಲ್‌ನಲ್ಲಿ. ಲಿಂಗಾಯತ, ಒಕ್ಕಲಿಗ ಸಚಿವರ ವಿರೋಧ ಒಳಗೇ ಇತ್ತು. ಜೂನ್‌ನಲ್ಲಿ ಹೈಕಮಾಂಡ್ ಹೊಸ ಎಣಿಕೆ ಎಂದಿತು. ಹಿಂದುಳಿದ ವರ್ಗಗಳ ಆಯೋಗದ ಕಾಯ್ದೆಯ 11ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಿಸಬೇಕು ಎನ್ನುತ್ತದೆ, ಆ ಕಾರಣ ಮುಂದಿಟ್ಟರು. ಮಧುಸೂದನ ನಾಯ್ಕ ಆಯೋಗ ಸೆಪ್ಟೆಂಬರ್ 22ರಿಂದ ಹೊಸದಾಗಿ ಎಣಿಸಿತು. ಮನೆಗಳನ್ನು ವಿದ್ಯುತ್ ಮೀಟರ್ ಆಧಾರದಲ್ಲಿ ಗುರುತಿಸಿ ಚೀಟಿ ಅಂಟಿಸಿದರು, ಶಿಕ್ಷಕರು ಮೊಬೈಲ್ ಆ್ಯಪ್ ಹಿಡಿದು ಸರ್ವರ್‌ಗಾಗಿ ಕಾದರು, ಉತ್ತರ ಕೊಡುವುದು ಕಡ್ಡಾಯವಲ್ಲ ಎಂದು ಹೈಕೋರ್ಟ್ ಸ್ಪಷ್ಟಪಡಿಸಿತು. ಇದಕ್ಕೆ ಹೋಲಿಸಿದರೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಕಡೆಗೂ ದಡ ಮುಟ್ಟಿತು. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ದಾರಿ ತೆರೆದ ಮೇಲೆ ನಾಗಮೋಹನ್ ದಾಸ್ ಆಯೋಗ ಐದು ಗುಂಪು ಮಾಡಿ ಅಲೆಮಾರಿಗಳಿಗೆ ಪ್ರತ್ಯೇಕ ಶೇ 1 ಹೇಳಿತು. 2025ರ ಆಗಸ್ಟ್ 19ರಂದು ಸಂಪುಟ ಅದನ್ನು ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ಮೂರಕ್ಕೆ ಇಳಿಸಿತು. ಅಲೆಮಾರಿಗಳು ಲಂಬಾಣಿ, ಭೋವಿಗಳ ಜೊತೆ ಸ್ಪರ್ಧೆಗೆ ಬಿದ್ದರು. ರಾಜಕೀಯ ಸಮತೋಲನಕ್ಕೆ ಬೆಲೆ ತೆತ್ತವರು ದನಿಯಿಲ್ಲದವರು.

ಶಿಕ್ಷಣ ನೀತಿಯಲ್ಲಿ ಹೇಳಿದಂತೆ ಆಯಿತು ಎನ್ನಬಹುದು: ಸುಖದೇವ ಥೋರಟ್ ಆಯೋಗ ಬಂತು, ನಾಲ್ಕು ವರ್ಷದ ಪದವಿ 2024-25ರಿಂದ ಮೂರಕ್ಕೆ ಮರಳಿತು. ಹಳೆ ಪಿಂಚಣಿ ಯೋಜನೆಗೆ ಮರಳುವ ವಿಷಯದಲ್ಲಿ, ಹೊಸ ಪಿಂಚಣಿ ಬಂದ 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟಿದ್ದ ಸುಮಾರು 13,000 ನೌಕರರಿಗಷ್ಟೇ ದಾರಿ ಆಯಿತು.

ರೈತರ ಬಡ್ಡಿರಹಿತ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ಮೊದಲ ಬಜೆಟ್‌ನಲ್ಲೇ. ಆದರೆ ಸೊಸೈಟಿಗೆ ಹೋದ ರೈತನಿಗೆ 5 ಲಕ್ಷ ಸಿಗುವುದು ಅಪರೂಪ. ಸರ್ಕಾರ ಕಟ್ಟುವುದು ಬಡ್ಡಿ, ಅಸಲು ಬರಬೇಕಾದ್ದು ಡಿಸಿಸಿ ಬ್ಯಾಂಕ್ ಮೂಲಕ, ಅದರಲ್ಲಿ ದೊಡ್ಡ ಭಾಗ ನಬಾರ್ಡ್‌ನ ರಿಯಾಯಿತಿ ಮರುಸಾಲ. ಅದನ್ನು 5,600 ಕೋಟಿಯಿಂದ 2024-25ಕ್ಕೆ 2,340 ಕೋಟಿಗೆ ಇಳಿಸಿದಾಗ ರಾಜ್ಯದ ಆದೇಶ ಇದ್ದೂ ಸಾಲ ಹುಟ್ಟಲಿಲ್ಲ. ಮೇಕೆದಾಟುವಿಗೂ ಇಂಥದೇ ಪರಾವಲಂಬನೆ. 67 ಟಿಎಂಸಿಯ ಅಣೆಕಟ್ಟಿಗೆ ಕೇಂದ್ರ ಜಲ ಆಯೋಗ, ಕಾವೇರಿ ಪ್ರಾಧಿಕಾರ, ಪರಿಸರ ಇಲಾಖೆ ಎಲ್ಲರೂ ಒಪ್ಪಬೇಕು. 2025ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಅರ್ಜಿ ಅವಧಿಪೂರ್ವ ಎಂದದ್ದನ್ನು ಇಲ್ಲಿ ಪಟಾಕಿ ಹೊಡೆದು ಸಂಭ್ರಮಿಸಿದರು. ಅದು ಯೋಜನಾ ವರದಿ ಪರಿಶೀಲನೆಗೆ ಇದ್ದ ಅಡ್ಡಿ ಸರಿಸಿತು, ಅನುಮತಿ ಕೊಡಲಿಲ್ಲ. ತೆರಿಗೆ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೆಯದರಲ್ಲಿ 3.647ಕ್ಕೆ ಕುಸಿದದ್ದರ ವಿರುದ್ಧ 2024ರ ಫೆಬ್ರುವರಿ 7ರಂದು ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ರಾಜಕೀಯವಾಗಿ ಸರಿ ಇರಬಹುದು. ಹಣ ತಂದದ್ದು ಧರಣಿಗಿಂತ ಕೋರ್ಟು: ಬರ ಪರಿಹಾರಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 3,454 ಕೋಟಿ ಬಂತು. ಕೇಳಿದ್ದು 18,171 ಕೋಟಿ.

ಮತದಾರನ ಕೈಗೆ ಇವನ್ನೆಲ್ಲ ಮೊದಲೇ ಕೊಡುವ ವ್ಯವಸ್ಥೆ ಅರ್ಧದಾರಿಯಲ್ಲಿದೆ. 2013ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಣಾಳಿಕೆಯ ಉಚಿತ ಭರವಸೆ ಭ್ರಷ್ಟ ಆಚರಣೆಯಲ್ಲ ಎಂದಿತು, ಜೊತೆಗೆ ಮಾರ್ಗಸೂಚಿ ರೂಪಿಸಿ ಎಂದು ಚುನಾವಣಾ ಆಯೋಗಕ್ಕೆ ಹೇಳಿತು. ಹಾಗೆ ಮಾದರಿ ನೀತಿಸಂಹಿತೆಗೆ ಸೇರಿದ ಅಧ್ಯಾಯ, ಹಣ ಎಲ್ಲಿಂದ ಎಂಬುದನ್ನು ಸ್ಥೂಲವಾಗಿ ತಿಳಿಸಿ ಎಂದಷ್ಟೇ ಕೇಳುತ್ತದೆ. 2022ರ ಅಕ್ಟೋಬರ್‌ನಲ್ಲಿ ಚುನಾವಣಾ ಆಯೋಗ ಒಂದು ನಮೂನೆಯನ್ನೇ ಪ್ರಸ್ತಾಪಿಸಿತ್ತು: ಎಷ್ಟು ಜನರಿಗೆ, ಎಷ್ಟು ಖರ್ಚು, ತೆರಿಗೆ ಏರಿಸುತ್ತೀರೋ ಸಾಲ ಮಾಡುತ್ತೀರೋ ಎಂದು ಪಕ್ಷಗಳು ತುಂಬಬೇಕಾದ ಪಟ್ಟಿ. ಕರ್ನಾಟಕದ ಚುನಾವಣೆ ಅದಾಗಿ ಏಳು ತಿಂಗಳಿಗೆ ನಡೆಯಿತು, ಆ ಪಟ್ಟಿ ಯಾರೂ ತುಂಬಲಿಲ್ಲ. ಗ್ಯಾರಂಟಿ ಕಾರ್ಡ್‌ಗಳು ಮತದಾರರಿಗೆ ಕೊಟ್ಟ ಲಂಚ ಎಂದು ವರುಣಾದ ಮತದಾರರೊಬ್ಬರು ಸಿದ್ದರಾಮಯ್ಯ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ವಜಾ ಮಾಡಿತು. ಮೇಲ್ಮನವಿಯ ಮೇಲೆ ಸುಪ್ರೀಂ ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ನೋಟಿಸ್ ಹೊರಡಿಸಿತು.